ಎದುರು ಮನೆಯವರ ಕಣ್ಣು

ಎದುರು ಮನೆಯ ಹಾಲವ್ವನ ಜೊತೆ ನಾನು ಮಾತು ಬಿಟ್ಟು ಎರಡು ದೀಪಾವಳಿ ಕಳೆದಿದ್ದವು. ಹಾಗಾಗಿ ನಮ್ಮ ಮಾಳಿಗೆಯ ಮೇಲಿನ ಪಂಕಾ ತಿರುಗುತ್ತಿದೆಯೋ ನಿಂತಿದೆಯೋ ಎಂದು ಹೊತ್ತುಹೊತ್ತಿಗೆ ಹೇಳುವವರೇ ನನಗೆ ಇರಲಿಲ್ಲ. ನೀವೇ ನೋಡಿಕೊಳ್ಳಬಹುದಲ್ಲ ಎಂದು ಬೇರೆ ಊರಿನವರು ಕೇಳುತ್ತಾರೆ. ನಮ್ಮೂರಲ್ಲಿ ಅದು ನಡೆಯುವುದಿಲ್ಲ. ಮನೆಯವರು ಯಾರಾದರೂ ತಲೆಯೆತ್ತಿ ತಮ್ಮ ಪಂಕಾ ನೋಡಿದರೆ ಅದು ನಿಂತುಬಿಡುತ್ತದೆ. ಗಾಳಿ ಎಷ್ಟೇ ಜೋರಾಗಿರಲಿ, ಮರುದಿನ ಬೆಳಗಾಗುವವರೆಗೆ ಮತ್ತೆ ತಿರುಗುವುದಿಲ್ಲ. ಎದುರು ಮನೆಯವರು ನೋಡಬಹುದು, ದಾರಿಯಲ್ಲಿ ಹೋಗುವವರು ನೋಡಬಹುದು, ಕಾಗೆ ಬಂದು ಪಕ್ಕದಲ್ಲೇ ಕೂತು ನೋಡಬಹುದು. ನಾವು ಮಾತ್ರ ನೋಡಬಾರದು.

ಕರೆಂಟಿನ ಕಂಬಗಳು ನಮ್ಮ ಊರಿನ ಗುಡ್ಡ ಹತ್ತಲಿಲ್ಲ. ಇಲ್ಲಿ ಮನೆಮನೆಯ ಮೇಲೂ ಒಂದು ಕಬ್ಬಿಣದ ಪೈಪು, ಅದರ ತುದಿಗೆ ಮೂರು ರೆಕ್ಕೆ, ಹಿಂದೆ ಗಾಳಿ ಬಂದ ಕಡೆ ಮುಖ ತಿರುಗಿಸುವುದಕ್ಕೆ ಒಂದು ತಗಡಿನ ಬಾಲ. ರೆಕ್ಕೆ ತಿರುಗಿದರೆ ಹುಟ್ಟಿದ ಕರೆಂಟು ವೈರಿನಲ್ಲಿ ಇಳಿದು ಗೂಡಿನೊಳಗಿನ ಬ್ಯಾಟರಿಗೆ ಬರುತ್ತದೆ. ಬಲ್ಬು, ರೇಡಿಯೋ, ಟೇಲರ್ ಕೆಲಸ ಮಾಡುವ ನಮ್ಮ ಮನೆಯವರ ಹೊಲಿಗೆ ಮಷಿನ್ನು, ಎಲ್ಲವೂ ಅದರ ಮೇಲೆಯೇ. ನಾವು ನಮ್ಮ ಅಂಗಳದಲ್ಲಿ ತಲೆ ತಗ್ಗಿಸಿ ಓಡಾಡುತ್ತೇವೆ, ಓಣಿಗೆ ಇಳಿದ ಮೇಲೆ ಊರಿನವರ ಪಂಕಾಗಳನ್ನೆಲ್ಲ ಕಣ್ತುಂಬ ನೋಡುತ್ತೇವೆ. ಎದುರಾದವರಿಗೆ ಊಟ ಆಯಿತಾ ಎಂದು ಕೇಳುವ ಬದಲು "ನಿಮ್ಮದು ತಿರಗಾಕತ್ತೈತಿ" ಎಂದು ಹೇಳಿ ಮುಂದೆ ಹೋಗುತ್ತೇವೆ. ಮಾಳಿಗೆಯ ಬೆಳಕಿಂಡಿಗೆ ಬಟ್ಟೆ ಕಟ್ಟಿರುತ್ತೇವೆ. ನಮ್ಮ ಮನೆಯವರಿಗೆ ಇದರಿಂದ ಯಾವ ತೊಂದರೆಯೂ ಆಗಲಿಲ್ಲ, ಅವರು ಹುಟ್ಟಿದಾಗಿನಿಂದ ಬಟ್ಟೆ ಬಿಟ್ಟು ಬೇರೇನನ್ನೂ ನೋಡಿದವರಲ್ಲ. ತೊಂದರೆಯೆಲ್ಲ ನನ್ನಂಥವರಿಗೆ. ಪಂಕಾಕ್ಕೆ ಗ್ರೀಸು ಹಚ್ಚಬೇಕಾದರೂ ಎದುರು ಮನೆಯವರೇ ಹತ್ತಬೇಕು. ನಮ್ಮದನ್ನು ಹಾಲವ್ವನ ಗಂಡ ಫಕೀರಪ್ಪ ನೋಡಿಕೊಳ್ಳುತ್ತಿದ್ದ, ಅವರದನ್ನು ನಮ್ಮವರು.

ಪಂಕಾ ಯಾರನ್ನು ಮನೆಯವರೆಂದು ತಿಳಿಯುತ್ತದೆ ಎನ್ನುವುದು ದೊಡ್ಡ ವಿಷಯ. ಹೊಸ ಸೊಸೆ ಬಂದರೆ ಅವಳನ್ನು ದಿನಾ ಬೆಳಗ್ಗೆ ಅಂಗಳದಲ್ಲಿ ನಿಲ್ಲಿಸಿ ಮೇಲೆ ನೋಡು ಎನ್ನುತ್ತಾರೆ. ಮೊದಮೊದಲು ಅವಳು ನೋಡಿದರೂ ಅದು ತಿರುಗುತ್ತಲೇ ಇರುತ್ತದೆ. ಒಂದು ದಿನ ನಿಲ್ಲುತ್ತದೆ. ಆ ದಿನ ಮನೆಯಲ್ಲಿ ಹೋಳಿಗೆ ಮಾಡಿ, ಕತ್ತಲಲ್ಲೇ ಉಂಡು ಮಲಗುತ್ತಾರೆ. ನನಗೆ ಹೋಳಿಗೆ ಆದದ್ದು ಮದುವೆಯಾದ ಮರುವರ್ಷ. ನಮ್ಮ ಅತ್ತೆ ಅಷ್ಟರವರೆಗೆ ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ.

ನಮ್ಮ ಒಬ್ಬಳೇ ಮಗಳು ಲೀಲಾಳನ್ನು ಊರಿನ ಕೆಳಗಿನ ಓಣಿಗೇ ಕೊಟ್ಟೆವು. ಮದುವೆಯಾದ ಮೇಲೆ ಬಂದಾಗಲೆಲ್ಲ ಅವಳು ತಲೆ ತಗ್ಗಿಸಿಕೊಂಡೇ ಅಂಗಳ ದಾಟುತ್ತಿದ್ದಳು. ಎರಡು ವರ್ಷದ ಹಿಂದಿನ ದೀಪಾವಳಿಗೆ ಬಂದಾಗ ಮರೆತು ಮೇಲೆ ನೋಡಿಬಿಟ್ಟಳು. ನಾನು ಹಬ್ಬದ ದಿನ ದೀಪ ಹೋಯಿತಲ್ಲ ಎಂದು ಬೈಯುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಎದುರು ಮನೆಯ ಕಟ್ಟೆಯಿಂದ ಹಾಲವ್ವ ಓಣಿಯೆಲ್ಲ ಕೇಳುವಂತೆ ಕೂಗಿದಳು: "ಅಂಜಬ್ಯಾಡ ಗುರವ್ವಾ! ನಿಮ್ಮದು ತಿರಗಾಕತ್ತೈತಿ!"

ಅವಳು ಕೂಗಿದ್ದು ಒಳ್ಳೆಯದಕ್ಕೇ. ಎದುರು ಮನೆಯವರ ಕೆಲಸವೇ ಅದು. ಆದರೆ ನನಗೆ ಆ ಕ್ಷಣ ಮಗಳು ಕೈ ಬಿಟ್ಟು ಹೋದ ಹಾಗಾಯಿತು. ಹೆತ್ತವಳು ನಾನು, ನನ್ನ ಮನೆಯ ಪಂಕಾಕ್ಕೆ ನನ್ನ ಮಗಳ ಗುರುತು ಹತ್ತಲಿಲ್ಲ, ಅದನ್ನು ಊರಿಗೆಲ್ಲ ಸಾರಿದವಳು ಇವಳು. ಅಂದಿನಿಂದ ನಾನು ಹಾಲವ್ವನ ಮುಖ ನೋಡಲಿಲ್ಲ. ಯಾಕೆಂದು ಅವಳಿಗೆ ಗೊತ್ತಾಗಲೂ ಇಲ್ಲ. ನಾಲ್ಕು ಸಲ ಮಾತಾಡಿಸಿ ನೋಡಿ ಅವಳೂ ಸೆಟೆದು ಕೂತಳು. ಫಕೀರಪ್ಪ ನಮ್ಮ ಮಾಳಿಗೆ ಹತ್ತುವುದು ನಿಂತಿತು, ನಮ್ಮವರು ಅವರ ಮಾಳಿಗೆ ಹತ್ತುವುದೂ ನಿಂತಿತು. ಗ್ರೀಸಿಲ್ಲದೆ ಎರಡೂ ಪಂಕಾಗಳು ಕಿರ್ರೋ ಎಂದು ಒರಲತೊಡಗಿದವು. ಜಗಳದಿಂದ ಆದ ಲಾಭ ಅದೊಂದೇ, ನಮ್ಮದು ತಿರುಗುತ್ತಿದೆಯೆಂದು ನನಗೆ ಕಿವಿಯಿಂದ ತಿಳಿಯುತ್ತಿತ್ತು. ಅದೂ ಪೂರ್ತಿ ನಂಬುವ ಹಾಗಿರಲಿಲ್ಲ. ಅವರದು ದಪ್ಪ ದನಿ, ನಮ್ಮದು ಸಣ್ಣ ದನಿ, ಗಾಳಿ ಅಡ್ಡಾದಿಡ್ಡಿ ಬೀಸಿದರೆ ಯಾವುದು ಯಾವುದೋ.

ಲೀಲಾ ಬಾಣಂತನಕ್ಕೆಂದು ಬಂದವಳು ದಿನ ತುಂಬುವ ಮೊದಲೇ ಹೆತ್ತಳು. ಹೆಣ್ಣು ಕೂಸು. ಅಂಗೈ ಎರಡು ಸೇರಿಸಿದರೆ ಹಿಡಿಸುವಷ್ಟು ಇತ್ತು. ಅಳು ಕೂಡ ಸರಿಯಾಗಿ ಬರುತ್ತಿರಲಿಲ್ಲ, ಬೆಕ್ಕಿನ ಮರಿಯ ಹಾಗೆ ಬಾಯಿ ತೆರೆದು ಮುಚ್ಚುತ್ತಿತ್ತು. ದಾದಿ ಬಂದು ನೋಡಿ, "ಬೆಚ್ಚಗ ಇಡ್ರಿ. ತಾಯಿಗೆ ಚಳಿಜ್ವರ ಐತಿ, ಆಕಿ ಮೈಮ್ಯಾಲ ಹಾಕಬ್ಯಾಡ್ರಿ. ಕೆಂಡದ ಹೊಗಿನೂ ಬ್ಯಾಡ, ಎಳೇ ಎದಿ ಕೆಡತೈತಿ. ಬುಟ್ಟಿಯೊಳಗ ಹತ್ತಿ ಅರಳಿ ಹಾಸಿ ಮ್ಯಾಲ ಬಲ್ಬು ಹಚ್ಚ್ರಿ. ಮೈ ತುಂಬೂತನಾ ಬಲ್ಬು ಆರಬಾರದು" ಎಂದಳು.

ಬಲ್ಬು ಆರಬಾರದು ಎನ್ನುವ ಮಾತು ನನ್ನ ತಲೆಯಲ್ಲಿ ಹೊಕ್ಕು ಕೂತಿತು. ರೇಡಿಯೋದ ವೈರು ಕಿತ್ತೆ. ನಮ್ಮವರು ಹೊಲಿಗೆ ಮಷಿನ್ನಿನ ವೈರನ್ನು ತಾವೇ ಬಿಚ್ಚಿ, ಕಾಲಿನಿಂದ ತುಳಿದು ಹೊಲಿಯತೊಡಗಿದರು. ರೊಟ್ಟಿ ಬಡಿಯುವಾಗಲೂ ನನ್ನ ಒಂದು ಕಿವಿ ಮಾಳಿಗೆಯ ಮೇಲೆ. ಕಿರ್ರ್ ಎನ್ನುವುದು ಸ್ವಲ್ಪ ತಡೆದರೆ ಸಾಕು, ಕೈಯ ಹಿಟ್ಟು ಕೈಯಲ್ಲೇ ಉಳಿಯುತ್ತಿತ್ತು. ಆಗ ಲೀಲಾಳನ್ನು ಕೂಗುತ್ತಿದ್ದೆ.

"ಲೀಲಾ, ಹೊರಗ ಹೋಗಿ ಮ್ಯಾಲ ನೋಡವಾ."

ಅವಳು ಕಂಬಳಿ ಹೊದ್ದು ಅಂಗಳಕ್ಕೆ ಬಂದು ನೋಡಿ, "ತಿರಗಾಕತ್ತೈತವ್ವಾ" ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ತಲೆಯೆತ್ತಿ ನೋಡಬಹುದಾದವಳು ಅವಳೊಬ್ಬಳೇ. ಯಾವುದಕ್ಕೆ ನಾನು ಹಾಲವ್ವನ ಜೊತೆ ಮಾತು ಬಿಟ್ಟಿದ್ದೆನೋ ಅದೇ ಈಗ ಅನುಕೂಲವಾಗಿತ್ತು. ನನಗೆ ನಾಚಿಕೆಯಾಗುತ್ತಿತ್ತು, ಆದರೂ ಕರೆಯುತ್ತಿದ್ದೆ.

ಒಂದು ದಿನ ಜ್ವರ ಇಳಿದಿದ್ದಾಗ ಅವಳ ಬೆನ್ನಿಗೆ ಎಣ್ಣೆ ಹಚ್ಚುವಾಗ ಹೆಗಲ ಕೆಳಗೆ ಹಳೆಯ ಬಾಸುಂಡೆಗಳು ಕಂಡವು. ಏನವ್ವಾ ಇದು ಎಂದು ಕೇಳಿದೆ. ಅವಳು ಬಚ್ಚಲ ಗೋಡೆ ನೋಡುತ್ತ ಹೇಳಿದಳು. "ಅವರ ಮನಿ ಪಂಕಾ ನಿಲ್ಲೂತನಾ ಅಂವ ಒಂದ ಸಲಾನೂ ಕೈ ಎತ್ತಿದ್ದಿಲ್ಲವ್ವಾ. ಚಲೋತಂಗ ಇದ್ದ. ನಾ ನೋಡಿದ್ದಕ್ಕ ಅದು ನಿಂತ ದಿನ ನಮ್ಮತ್ತಿ ಹೋಳಗಿ ಮಾಡಿದ್ರು. ಉಂಡ ಮ್ಯಾಲ ಅಂವ ಒಳಗ ಕರದು, ಇನ್ನ ನೀ ನಮ್ಮಾಕಿ ಆದಿ ಅಂತ ಕಪಾಳಕ್ಕ ಹೊಡದ. ಯಾಕಂತ ನನಗ ಇನ್ನೂ ಗೊತ್ತಿಲ್ಲ." ಅವಳ ಮೈಗೆ ನೀರು ಹಾಕುತ್ತ ನಾನು ಅತ್ತದ್ದು ನೀರಿನಲ್ಲಿ ಅವಳಿಗೆ ಕಾಣಲಿಲ್ಲ.

ನಮ್ಮವರಿಗೆ ಹೇಳಿದೆ. ಅವರು ಕತ್ತರಿ ಕೆಳಗಿಟ್ಟು, ಅಂಗಿ ಹಾಕಿಕೊಂಡು ಕೆಳಗಿನ ಓಣಿಗೆ ಹೋಗಿ, ಮಗಳನ್ನು ಕಳಿಸುವುದಿಲ್ಲವೆಂದು ಹೇಳಿ ಬಂದರು. ಮದುವೆಯಲ್ಲಿ ಕೂಡ ಅವರು ಇಷ್ಟು ಮಾತಾಡಿರಲಿಲ್ಲ. ಬೀಗರು ಜಗಳವಾಡಲಿಲ್ಲವಂತೆ. ಬರುವ ಸೋಮವಾರ ನಿಮ್ಮ ಅಂಗಳದಲ್ಲಿ ನೋಡಿಬಿಡೋಣ ಎಂದರಂತೆ. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಇಂಥ ವ್ಯಾಜ್ಯವನ್ನು ಊರಿನಲ್ಲಿ ಹಿರಿಯರು ಬಗೆಹರಿಸುವುದಿಲ್ಲ. ತವರಿನ ಪಂಕಾ ಅವಳು ನೋಡಿದ್ದಕ್ಕೆ ನಿಂತರೆ ಅವಳು ತವರಿನವಳು, ಉಳಿಯಬಹುದು. ತಿರುಗುತ್ತಲೇ ಇದ್ದರೆ ಹೊರಡಬೇಕು. ಕೂಸನ್ನೂ ಕರೆದುಕೊಂಡು, ಅವತ್ತೇ, ಬುಟ್ಟಿ ಬಲ್ಬು ಎಲ್ಲ ಬಿಟ್ಟು.

ಅಂದಿನಿಂದ ಲೀಲಾ ಮೇಲೆ ನೋಡುವುದನ್ನು ಬಿಟ್ಟಳು. ನಾನು ಕರೆದರೆ, "ನೀನ ಕಿವಿಗೊಟ್ಟು ಕೇಳವ್ವಾ" ಎನ್ನುತ್ತಿದ್ದಳು. ಯಾಕೆ ಎಂದು ಒತ್ತಾಯಿಸಿದ್ದಕ್ಕೆ ಸಿಟ್ಟಿನಿಂದ ತಿರುಗಿ ನಿಂತು, "ನಿಂತ್ರ ಕೂಸಿಗೆ ಬಲ್ಬಿಲ್ಲ, ತಿರಗಿದ್ರ ನನಗ ಮನಿ ಇಲ್ಲ. ಯಾವುದನ್ನ ನೋಡಲಿ ಹೇಳು?" ಎಂದಳು.

ಆ ವಾರ ಗಾಳಿಯೂ ಸರಿಯಾಗಿ ಬೀಸಲಿಲ್ಲ. ಬಲ್ಬು ಹಳದಿಯಾಗಿ ಉರಿಯುತ್ತಿತ್ತು. ಬುಟ್ಟಿಯೊಳಗೆ ಕೈಯಿಟ್ಟು ಬಿಸಿ ನೋಡುವುದು, ಬ್ಯಾಟರಿಯ ಮೇಲೆ ಕೈಯಿಟ್ಟು ನೋಡುವುದು, ಮತ್ತೆ ಬುಟ್ಟಿ. ಬ್ಯಾಟರಿ ಮುಟ್ಟಿದರೆ ಏನೂ ತಿಳಿಯುವುದಿಲ್ಲವೆಂದು ಗೊತ್ತಿದ್ದರೂ ಮುಟ್ಟುತ್ತಿದ್ದೆ. ಸೋಮವಾರ ಪಂಕಾ ನಿಲ್ಲಲಿ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ, ಮುಗಿದ ಕೈ ಇಳಿಸುವ ಮೊದಲೇ ನಿಂತರೆ ಕೂಸಿನ ಗತಿಯೇನು ಎಂದು ಹೆದರಿ, ಬೇಡಪ್ಪಾ ನಿಲ್ಲುವುದು ಬೇಡ ಎನ್ನುತ್ತಿದ್ದೆ. ನನ್ನ ಬೇಡಿಕೆ ಕೇಳಿ ಆ ದೇವರಿಗೂ ತಲೆ ಕೆಟ್ಟಿರಬೇಕು.

ಸೋಮವಾರ ಬೆಳಗ್ಗೆ ಎದ್ದಾಗ ಮಾಳಿಗೆಯ ಮೇಲೆ ಧಡಧಡ ಸಪ್ಪಳವಾಯಿತು. ಮಂಗಗಳೆಂದುಕೊಂಡೆ. ಆಮೇಲೆ ಕಿರ್ರ್ ಎನ್ನುವ ದನಿ ಒಮ್ಮೆಲೇ ನಿಂತುಹೋಯಿತು. ಸೆರಗು ಹಣೆಯವರೆಗೆ ಎಳೆದುಕೊಂಡು ಹಿತ್ತಿಲಿಗೆ ಓಡಿದರೆ, ನಿಚ್ಚಣಿಕೆಯಿಂದ ಫಕೀರಪ್ಪ ಇಳಿಯುತ್ತಿದ್ದ. ಎರಡೂ ಕೈ ಕಪ್ಪಗಾಗಿದ್ದವು.

"ಗ್ರೀಸ್ ಹಚ್ಚೀನ್ರಿ ವೈನಿ. ಇಷ್ಟ ಗಾಳಿಗೇನ ಹಗರಾಗಿ ತಿರಗತೈತಿ, ಒಂದಿಷ್ಟು ಕರೆಂಟ ಹೆಚ್ಚು ತುಂಬ್ಲಿ. ಕೂಸಿಗೆ ಬೇಕಲ್ಲ" ಎಂದ. ಆಮೇಲೆ ದನಿ ತಗ್ಗಿಸಿ, "ನಮ್ಮಾಕಿ ಕಳಿಸಿದ್ಲು" ಎಂದು ಸೇರಿಸಿದ.

ಉಪಕಾರವೇನೋ ದೊಡ್ಡದು. ಆದರೆ ಇನ್ನು ಮೇಲೆ ನನಗೆ ಕಿವಿಯೂ ಇಲ್ಲವಾಯಿತು ಎನ್ನುವುದು ಅವನು ಹೋದ ಮೇಲೆ ಹೊಳೆಯಿತು.

ಬೀಗರು ಬಿಸಿಲೇರುವ ಮೊದಲೇ ಬಂದರು. ಲೀಲಾಳ ಅತ್ತೆ ಕಲ್ಲವ್ವ, ಗಂಡ ಪರಸು, ಹಿಂದೆ ಅವರ ಓಣಿಯ ನಾಲ್ಕು ಜನ. ಕಲ್ಲವ್ವ ಕೂಸನ್ನು ಸುತ್ತಿಕೊಂಡು ಹೋಗಲು ಹೊಸ ಕೌದಿ ತಂದಿದ್ದಳು. ಸಾಕ್ಷಿಗೆಂದು ಹಾಲವ್ವ ಬಂದು ತನ್ನ ಕಟ್ಟೆಯ ಮೇಲೆ ನಮ್ಮ ಕಡೆಗೆ ಮುಖ ಮಾಡಿ ನಿಂತಳು. ನಿಂತಿತೋ ಇಲ್ಲವೋ ಎಂದು ಹೇಳುವ ಮಾತು ಎದುರು ಮನೆಯವರದೇ, ಬೇರೆಯವರು ಕಂಡರೂ ಹೇಳುವ ಹಾಗಿಲ್ಲ.

"ಲಗೂ ನೋಡವಾ, ಹೊತ್ತಾತು" ಎಂದಳು ಕಲ್ಲವ್ವ. "ನೀ ಯಾರಾಕಿ ಅಂತ ನಾ ಹೇಳೂದೇನೈತಿ, ಅದ ಹೇಳತೈತಿ."

ಲೀಲಾ ಅಂಗಳದ ನಡುವೆ ಹೋಗಿ ನಿಂತಳು. ನಾನೂ ನಮ್ಮವರೂ ಗೋಡೆಗೆ ಒತ್ತಿಕೊಂಡು ತಲೆ ತಗ್ಗಿಸಿ ನಿಂತೆವು. ನನಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಲೀಲಾಳ ಹಿಮ್ಮಡಿ ಸ್ವಲ್ಪ ಎದ್ದಿತು, ಮುಖ ಎತ್ತಿದಳು ಎಂದುಕೊಂಡೆ. ನಾನು ಕಿವಿಗೊಟ್ಟೆ. ಅಭ್ಯಾಸಬಲ. ಏನೂ ಕೇಳಲಿಲ್ಲ, ಗ್ರೀಸು ಹಚ್ಚಿದ ಪಂಕಾ ತಿರುಗಿದರೂ ಅಷ್ಟೇ, ನಿಂತರೂ ಅಷ್ಟೇ. ಹಾಲವ್ವ ಯಾಕೆ ಮಾತಾಡುತ್ತಿಲ್ಲ? ನಿಂತಿದ್ದರೆ ಇಷ್ಟು ಹೊತ್ತಿಗೆ ಹೇಳಬೇಕಿತ್ತಲ್ಲ. ಪರಸುವಿನ ಚಪ್ಪಲಿಯ ಕಾಲು ನೆಲದ ಮೇಲೆ ತಾಳ ಹಾಕುತ್ತಿತ್ತು. ಆಗ ಕಲ್ಲವ್ವನ ಕಾಲುಂಗುರದ ಕಾಲು ನಿಧಾನವಾಗಿ ನಮ್ಮ ಹೊಸ್ತಿಲ ಕಡೆಗೆ ತಿರುಗಿತು. ಬುಟ್ಟಿಯಿದ್ದ ಕೋಣೆಯ ಕಡೆಗೆ.

ನಾನು ತಲೆಯೆತ್ತಿದೆ.

ಹೋಳಿಗೆಯ ದಿನದಿಂದ ಈಚೆಗೆ ನಾನು ನಮ್ಮ ಪಂಕಾವನ್ನು ಕಂಡಿರಲಿಲ್ಲ. ಬಣ್ಣ ಹೋಗಿತ್ತು, ಬಾಲದ ತಗಡು ಒಂದು ಕಡೆ ಮಡಚಿತ್ತು. ರೆಕ್ಕೆಗಳು ಮೂರೂ ಬೇರೆ ಬೇರೆಯಾಗಿ ಕಂಡವು, ಒಂದರ ಹಿಂದೆ ಒಂದು ಸುಸ್ತಾದವರ ಹಾಗೆ ಬಂದು ನಿಂತವು. ನಾನು ನೋಡಿದ್ದರಿಂದ ನಿಂತವೋ, ಮೊದಲೇ ನಿಲ್ಲುತ್ತ ಬಂದಿದ್ದವೋ, ನನಗೆ ತಿಳಿಯಲಿಲ್ಲ. ಕಣ್ಣು ಇಳಿಸುವಾಗ ಹಾಲವ್ವ ಕಂಡಳು. ಅವಳು ಪಂಕಾ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ನಿಂತೈತಿ" ಎಂದಳು ಹಾಲವ್ವ.

ಕಲ್ಲವ್ವ ಬುಸುಗುಟ್ಟಿದಳು. "ಮತ್ತ್ಯಾರೂ ಮ್ಯಾಲ ನೋಡಿಲ್ಲೇನು? ನಿಮ್ಮ ಮನಿದೇವರಾಣಿ ಮಾಡಿ ಹೇಳ್ರಿ."

ಹಾಲವ್ವ ಕಟ್ಟೆಯಿಂದ ಒಂದು ಮೆಟ್ಟಿಲು ಕೆಳಗಿಳಿದಳು. "ಆಣಿ ಯಾಕ ಮಾಡ್ಲಿ? ಸಾಕ್ಷಿಗೆ ನಿಂದರಿಸಿದವ್ರು ನೀವು. ಈ ಮನಿ ಮಗಳು ನೋಡಿದ್ಲು, ನಿಂತೈತಿ. ಇನ್ನ ನಡೀರಿ."

ಪರಸು ಲೀಲಾಳ ಕಡೆ ಒಮ್ಮೆ ದುರುಗುಟ್ಟಿ ನೋಡಿ ಓಣಿಗಿಳಿದ. ಕಲ್ಲವ್ವ ಕೌದಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. "ಸೊಸಿ ಬಿಟ್ವಿ. ಕೂಸು ಬಿಡಂಗಿಲ್ಲ. ಅದರ ನೋಟ ಒಂದ ಕಡೆ ನಿಂತ ಮ್ಯಾಲ ಬಂದು ಇದ ಅಂಗಳದಾಗ ತೋರಸ್ತೀವಿ. ಅವತ್ತ ನಿಮ್ಮನ್ನೆಲ್ಲಾ ಒಳಗ ಹಾಕಿ ಚಿಲಕಾ ಹಾಕ್ತೀವಿ" ಎಂದು ನನ್ನ ಕಡೆ ಕೈ ಮಾಡಿ ಹೇಳಿ ಹೋದಳು.

ಮಧ್ಯಾಹ್ನದ ಹೊತ್ತಿಗೆ ಬಲ್ಬಿನ ತಂತಿ ಕೆಂಪಾಯಿತು. ಬೆಳಕೇ ಇಲ್ಲ, ಕೆಂಪು ಮಾತ್ರ. ನಾನೇ ಆರಿಸಿದೆ ಎಂದು ಒಳಗೊಳಗೇ ಬೇಯುತ್ತ ಸೀಸೆಗಳಿಗೆ ಬಿಸಿನೀರು ತುಂಬಿ ಬುಟ್ಟಿಗಿಟ್ಟೆ, ಅವು ಕೈಯೆಳೆಯುವುದರೊಳಗೆ ಆರುತ್ತಿದ್ದವು. ಕೂಸಿನ ತುಟಿ ನೀಲಿಗೆ ತಿರುಗುತ್ತಿದೆ ಎಂದು ಲೀಲಾ ಅಳತೊಡಗಿದಳು. ಅಷ್ಟರಲ್ಲಿ ಹೊರಗೆ ಠಪ್ ಎಂದು ಏನೋ ಬಿತ್ತು. ಹೋಗಿ ನೋಡಿದರೆ ಒಂದು ಕಲ್ಲು, ಕಲ್ಲಿಗೆ ಕಟ್ಟಿದ ವೈರು. ಇನ್ನೊಂದು ತುದಿ ಓಣಿಯ ಮೇಲಿನಿಂದ ಹಾದು ಹಾಲವ್ವನ ಮಾಳಿಗೆಯಲ್ಲಿತ್ತು. ಅವರ ಪಂಕಾ ದಪ್ಪ ದನಿಯಲ್ಲಿ ಒರಲುತ್ತ ತಿರುಗುತ್ತಿತ್ತು.

ನಮ್ಮವರು ವೈರು ಜೋಡಿಸಲು ಒಳಗೆ ಹೋದರು. ಹಾಲವ್ವ ಕಟ್ಟೆಯ ಮೇಲೆ ಕೈಕಟ್ಟಿ ನಿಂತಿದ್ದಳು. ನಾನು ಓಣಿ ದಾಟಿ ಅವಳ ಹತ್ತಿರ ಹೋದೆ. ಎರಡು ವರ್ಷದ ಮಾತು ಬಾಕಿಯಿತ್ತು, ಬಂದದ್ದು ಒಂದೇ.

"ಹಾಲವ್ವಾ, ನಾ ನೋಡೂಕಿಂತ ಮೊದಲ ನಿಂತಿತ್ತೇನ?"

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಎರಡ ವರ್ಷ ಬಾಯಿ ಹೊಲಕೊಂಡು ಕುಂತಾಕಿ ಈಗ ಬಂದು ಇದನ್ನ ಕೇಳ್ತಿ? ಬಲ್ಬು ಹತ್ತಿತೇನ ನೋಡ ಹೋಗ."

ಹತ್ತಿತ್ತು. ಸಂಜೆಗೆ ಕೂಸಿನ ತುಟಿ ಮತ್ತೆ ಕೆಂಪಾಯಿತು. ಮರುದಿನ ನಮ್ಮವರು ಗ್ರೀಸಿನ ಡಬ್ಬಿ ಹಿಡಿದು ಹಾಲವ್ವನ ಮಾಳಿಗೆ ಹತ್ತಿದರು.

ಆಮೇಲಿನ ದಿನಗಳಲ್ಲಿ ಕೂಸು ಮೈ ತುಂಬಿಕೊಂಡಿತು. ಜ್ವರ ಬಿಟ್ಟ ಲೀಲಾ ಅದನ್ನು ಬುಟ್ಟಿಯಿಂದೆತ್ತಿ ಎದೆಗೆ ಹಾಕಿಕೊಂಡಳು. ಬಲ್ಬು ಬೇಕಾಗಲಿಲ್ಲ. ನನ್ನ ಹೆದರಿಕೆ ಮಾತ್ರ ಬಲ್ಬಿನಿಂದ ಕೂಸಿನ ಕಣ್ಣಿಗೆ ದಾಟಿತು. ಮೊದಲು ಎಲ್ಲೆಲ್ಲೋ ಅಲೆಯುತ್ತಿದ್ದ ಕಣ್ಣು ಬರಬರುತ್ತ ನನ್ನ ಮೂಗುತಿಯ ಮೇಲೆ ನಿಲ್ಲತೊಡಗಿತು. ಬೇರೆ ಮನೆಗಳಲ್ಲಿ ಕೂಸಿನ ನೋಟ ನಿಂತರೆ ಸಂತೋಷಪಡುತ್ತಾರೆ. ನಾನು ಮೂಗುತಿ ತೆಗೆದಿಟ್ಟೆ. ಹೊರಗೆ ಒಯ್ಯುವಾಗ ಹುಬ್ಬಿನವರೆಗೆ ಕುಂಚಿಗೆ ಕಟ್ಟುತ್ತಿದ್ದೆ. ಕಲ್ಲವ್ವ ಯಾವ ದಿನ ಬಂದು ಚಿಲಕ ಹಾಕುತ್ತಾಳೋ, ಅವತ್ತು ಈ ಕೂಸು ನೋಡಿದರೂ ಪಂಕಾ ತಿರುಗುತ್ತಲೇ ಇದ್ದರೆ? ಅವತ್ತು ನಿಲ್ಲಿಸುವುದಕ್ಕೆ ನಾನೂ ಇರುವುದಿಲ್ಲ. ಲೀಲಾ ಒಂದು ದಿನವೂ ಮೇಲೆ ನೋಡಲಿಲ್ಲ. ನನ್ನ ಹಾಗೆಯೇ ಸೆರಗೆಳೆದುಕೊಂಡು ಅಂಗಳ ದಾಟುತ್ತಿದ್ದಳು. ಈ ಮನೆಯವಳಾದ್ದರಿಂದ ತಗ್ಗಿಸುತ್ತಾಳೋ, ಅಲ್ಲವೆಂದು ಗೊತ್ತಾಗುವ ಭಯದಿಂದಲೋ, ನಾನು ಕೇಳಲಿಲ್ಲ. ಕೇಳಿದರೆ ಅವಳೂ ನನ್ನನ್ನು ಏನಾದರೂ ಕೇಳಬಹುದಿತ್ತು.

ಮಧ್ಯಾಹ್ನ ಒಂದು ದಿನ ನಾನು ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಲೀಲಾ ಕೂಸಿಗೆ ನೀರು ಹಾಕಿ ಹೆಗಲಿಗೆ ಹಾಕಿಕೊಂಡು ಬಿಸಿಲಿಗೆ ಬಂದಳು. ನಮ್ಮವರು ಒಳಗೆ ಹೊಲಿಯುತ್ತಿದ್ದ ಸಪ್ಪಳ ಕೇಳುತ್ತಿತ್ತು. ಎದುರಿನ ಕಟ್ಟೆಯಲ್ಲಿ ಹಾಲವ್ವ ಅಕ್ಕಿ ಆರಿಸುತ್ತಿದ್ದಳು. ಇದ್ದಕ್ಕಿದ್ದಂತೆ ಅವಳ ಮೊರ ಕಲ್ಲಿನ ಮೇಲೆ ಬಿದ್ದ ಸದ್ದಾಯಿತು.

"ಗುರವ್ವಾ! ನಿಮ್ಮ ಪಂಕಾ ನಿಂತೈತಿ!"

ಓಣಿಯೆಲ್ಲ ಕೇಳುವಂತೆಯೇ ಕೂಗಿದಳು. ನನ್ನ ಕೈ ಬೂದಿಯಲ್ಲೇ ಉಳಿಯಿತು. ಲೀಲಾಳ ಕಡೆ ನೋಡಿದೆ, ಅವಳ ಕಣ್ಣು ನೆಲದ ಮೇಲಿತ್ತು, ಅವಳೂ ಬೆದರಿ ನನ್ನ ಕಡೆಗೇ ನೋಡಿದಳು. ಒಳಗೆ ಹೊಲಿಗೆ ಮಷಿನ್ನು ನಡೆದೇ ಇತ್ತು. ಹಾಗಾದರೆ ಯಾರು ಎಂದುಕೊಳ್ಳುವಷ್ಟರಲ್ಲಿ ಲೀಲಾಳ ಹೆಗಲ ಮೇಲೆ ಕಣ್ಣು ಹೋಯಿತು. ಸ್ನಾನವಾದ ತಲೆಗೆ ಕುಂಚಿಗೆ ಕಟ್ಟಿರಲಿಲ್ಲ. ಕೂಸು ಕತ್ತು ಹಿಂದಕ್ಕೆ ಹಾಕಿ, ಬಾಯಿ ತೆರೆದು, ರೆಪ್ಪೆ ಬಡಿಯದೆ ಮಾಳಿಗೆಯ ಮೇಲೆ ನೋಡುತ್ತಿತ್ತು.

ನಾನು ಬೂದಿಗೈಯಲ್ಲೇ ಬಾಯಿ ಮುಚ್ಚಿಕೊಂಡೆ. ನಗುವೋ ಅಳುವೋ, ಎರಡೂ ಒಟ್ಟಿಗೇ ಬಂದವು. ಲೀಲಾ ಕೂಸನ್ನು ಅವುಚಿಕೊಂಡು ನನ್ನ ಪಕ್ಕದಲ್ಲಿ ಕೂತಳು. ಬರಲಿ ಕಲ್ಲವ್ವ, ಎಷ್ಟು ಚಿಲಕ ಬೇಕಾದರೂ ಹಾಕಲಿ ಎಂದುಕೊಂಡೆ. ಆದರೂ ನನ್ನ ಹಾಳು ಮನಸ್ಸು, ಗೊತ್ತಿಲ್ಲದೆ ನಾನೇ ಎಲ್ಲಾದರೂ ಮೇಲೆ ನೋಡಿದೆನೋ ಎಂದು ಅಲ್ಲಿಯೂ ಒಂದು ಅನುಮಾನ ತಂದಿಟ್ಟಿತು. ಹಾಲವ್ವ ಓಣಿ ದಾಟಿ ಬಂದು ನನ್ನ ಮುಂದೆ ನಿಂತಿದ್ದಳು.

"ನೀ ನೋಡಿಲ್ಲ" ಎಂದಳು, ನಾನು ಕೇಳುವ ಮೊದಲೇ. "ಅವತ್ತಿನಿಂದ ನಾ ನಿಮ್ಮ ಪಂಕಾಕಿಂತ ನಿನ್ನನ್ನ ಹೆಚ್ಚು ನೋಡಾಕತ್ತೀನಿ."

ಅವತ್ತು ನಮ್ಮ ಮನೆಯಲ್ಲಿ ದೀಪ ಹತ್ತಲಿಲ್ಲ. ನಾನು ಹೊತ್ತಿರುವಾಗಲೇ ಹೋಳಿಗೆಗೆ ಬೇಳೆ ಬೇಯಲು ಇಟ್ಟೆ.